ಶ್ವೇತಕಣ ಪರೀಕ್ಷೆಯಲ್ಲಿ ದ್ರವ್ಯನಿರ್ಣಯ

ಕಲಬುರಗಿಯ ಸೇಡಂ ರಸ್ತೆಯಲ್ಲಿ 1963ರಲ್ಲಿ ಸ್ಥಾಪಿತವಾದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಮಹಾವಿದ್ಯಾಲಯವೇ ಮೊದಲಾದ ವೈದ್ಯಸಂಸ್ಥೆಗಳಿವೆ. ಅದೇ ದಾರಿಯಲ್ಲಿ ಮುಂದೆ ದೊರೆಯುವುದು ಕಾಗಿಣಾ ತೀರದ ಮಳಖೇಡ, ಎಂದರೆ ರಾಷ್ಟ್ರಕೂಟರ ಮಾನ್ಯಖೇಟ. ನೃಪತುಂಗನ ಸಭೆಯಲ್ಲಿ ಉಗ್ರಾದಿತ್ಯಾಚಾರ್ಯನು ಔಷಧಕ್ಕೆ ಮಾಂಸವು ಸಲ್ಲದೆಂದು ವಾದಿಸಿದನೆಂಬುದು ಆತನ ‘ಕಲ್ಯಾಣಕಾರಕ’ವೆಂಬ ಸಂಸ್ಕೃತ ವೈದ್ಯಗ್ರಂಥದಿಂದ ತಿಳಿಯುವುದು. ಕಾರ್ಯಕ್ಕೆ ತಕ್ಕ ದ್ರವ್ಯವಾವುದೆಂಬ ಆ ಪ್ರಶ್ನೆಯು ಈ ಕಾಲದ ವೈದ್ಯರಿಗೆ ಬೇರೊಂದು ರೂಪದಲ್ಲಿ ಎದುರಾಗಿದೆ.

ದೇಹದೊಳಗೆ ಸೋಂಕು ಎಲ್ಲಿ ಅಡಗಿದೆಯೆಂದು ತಿಳಿಯದಿದ್ದಾಗ ರೋಗಿಯ ರಕ್ತವನ್ನು ತೆಗೆದು, ಅದರ ಶ್ವೇತಕಣಗಳನ್ನು ಬೇರ್ಪಡಿಸಿ, ಅವುಗಳಿಗೆ ವಿಕಿರಣಶೀಲ ದ್ರವ್ಯವನ್ನು ಕೂಡಿಸಿ ಮರಳಿ ನಾಳಕ್ಕೆ ಬಿಡುವರು. ಕಣಗಳು ಸೋಂಕಿನೆಡೆಗೆ ಹೋಗಿ ಸೇರುವುವು. ಯಂತ್ರವು ಆ ಸ್ಥಳದ ಚಿತ್ರವನ್ನು ತೋರಿಸುವುದು. 1976ರಲ್ಲಿ ಮೆಕಾಫೀ ಮತ್ತು ಠಾಕೂರರು ಇಂಡಿಯಂ-111ರಿಂದಲೂ, 1986ರಲ್ಲಿ ಪೀಟರ್ಸನೂ ಅವನ ಸಹೋದ್ಯೋಗಿಗಳೂ ಟೆಕ್ನೀಶಿಯಂ-99ಎಂನಿಂದಲೂ ಈ ಕಾರ್ಯವನ್ನು ನಡೆಯಿಸಿ ತೋರಿದರು. ಆದರೆ ಹೊರತೆಗೆದ ನೆತ್ತರು ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟುವುದು. ಅದನ್ನು ತಡೆಯುವುದಾವುದರಿಂದ?

ತಡೆಯುವ ದ್ರವ್ಯಗಳ ಚರಿತ್ರೆಯು ಜಿಗಣೆಯಿಂದ ಮೊದಲಾಗುವುದು. ಸುಶ್ರುತನು ಸೂತ್ರಸ್ಥಾನದ 13ನೆಯ ಅಧ್ಯಾಯದಲ್ಲಿ ಸವಿಷ ಆರು, ನಿರ್ವಿಷ ಆರು ಎಂದು ಜಲೌಕಗಳನ್ನು ವಿಭಾಗಿಸಿ ಅವುಗಳ ಪ್ರಯೋಗವನ್ನು ಹೇಳಿದ್ದಾನೆ. ಜಿಗಣೆಯ ಸ್ರಾವವು ನೆತ್ತರನ್ನು ಹೆಪ್ಪುಗಟ್ಟಗೊಡದೆಂದು 1884ರಲ್ಲಿ ಹೇಕ್ರಾಫ್ಟನು ಸ್ಥಾಪಿಸಿದನು. 1914ರಲ್ಲಿ ಬೆಲ್ಜಿಯಂನ ಹುಸ್ಟಿನ್, ಆರ್ಜೆಂಟೀನಾದ ಅಗೋಟೆ ಎಂಬವರು ರಕ್ತದಾನಕ್ಕೆ ಸಿಟ್ರೇಟನ್ನು ಬಳಸಿದರು. 1916ರಲ್ಲಿ ಅಮೆರಿಕದ ಮೆಕ್‌ಲೀನನಿಗೆ ನಾಯಿಯ ಯಕೃತ್ತಿನಿಂದ ಇನ್ನೊಂದು ದ್ರವ್ಯವು ದೊರೆಯಿತು. 1918ರಲ್ಲಿ ಅದಕ್ಕೆ ಹೆಪಾರಿನ್ ಎಂಬ ಹೆಸರಾಯಿತು. ಗ್ರೀಕಿನ ‘ಹೇಪಾರ್’ ಶಬ್ದವು ಸಂಸ್ಕೃತದ ‘ಯಕೃತ್’ ಶಬ್ದದ ಜ್ಞಾತಿ. ಕನ್ನಡದ ‘ಹೆಪ್ಪಿ’ಗೂ ಅದಕ್ಕೂ ಸಂಬಂಧವಿಲ್ಲ. 1943ರಲ್ಲಿ ಇಂಗ್ಲೆಂಡಿನ ಲೌಟಿಟ್ ಮತ್ತು ಮಾಲಿಸನರು ಸಿಟ್ರಿಕ್ ಆಮ್ಲ, ಸಿಟ್ರೇಟ್, ಡೆಕ್ಸ್‌ಟ್ರೋಸ್ ಶರ್ಕರ ಈ ಮೂರನ್ನು ಕೂಡಿಸಿ ಎ.ಸಿ.ಡಿ. ದ್ರಾವಣವನ್ನು ರಚಿಸಿದರು.

ಇವುಗಳಲ್ಲಿ ಶ್ವೇತಕಣಗಳಿಗೆ ಹಿತವಾದುದು ಎ.ಸಿ.ಡಿ.ಯೇ. ಹೆಪ್ಪುಗಟ್ಟಲು ಬೇಕಾದ ಕ್ಯಾಲ್ಸಿಯಂ ಅನ್ನು ಸಿಟ್ರೇಟು ಹಿಡಿದಿಡುವುದು. ಶರ್ಕರವು ಕಣಗಳಿಗೆ ಆಹಾರವಾಗುವುದು. ಹೆಪಾರಿನ್ ಬೆರೆತರೆ ಕಣಗಳು ಪಿಚಕಾರಿಯ ಗೋಡೆಗೆ ಅಂಟಿಕೊಳ್ಳುವ ಸಂಭವವುಂಟು. ಪ್ರಯೋಗಶಾಲೆಗಳಲ್ಲಿ ರೂಢವಾದ ಇ.ಡಿ.ಟಿ.ಎ.ಯಾದರೋ ಲೋಹಗಳನ್ನು ಬಿಗಿಯಾಗಿ ಹಿಡಿಯತಕ್ಕದ್ದು. ಕಣಗಳಿಗೆ ಸೇರಬೇಕಾದ ಇಂಡಿಯಂ ಅನ್ನೂ ತಾನೇ ಸೆಳೆದುಕೊಳ್ಳುವುದು. ಘಾಸಿಗೊಂಡ ಕಣಗಳು ಶ್ವಾಸಕೋಶದಲ್ಲಿಯೂ ಯಕೃತ್ತಿನಲ್ಲಿಯೂ ತಂಗಿ ಚಿತ್ರವನ್ನು ಕೆಡಿಸುವುವು. ಆಗ ಸೋಂಕಿದ್ದ ಸ್ಥಳವು ಮರೆಯಾಗಿ ರೋಗಿಗೆ ಕೇಡಾಗುವುದು. ಆದುದರಿಂದಲೇ 51 ಮಿಲಿಲೀಟರ್ ರಕ್ತಕ್ಕೆ 9 ಮಿಲಿಲೀಟರ್ ಎ.ಸಿ.ಡಿ. ಎಂಬ ಪ್ರಮಾಣವು ಯೂರೋಪಿನ ವೈದ್ಯರ 2010ರ ಮಾರ್ಗಸೂಚಿಯಲ್ಲಿ ವಿಹಿತವಾಗಿದೆ.

ಹೆಪಾರಿನ್ ಪ್ರಾಣಿಜನ್ಯ, ಸಿಟ್ರಿಕ್ ಆಮ್ಲವಾದರೋ 1784ರಲ್ಲಿ ಷೀಲೆಯು ನಿಂಬೆಯ ರಸದಿಂದ ಬೇರ್ಪಡಿಸಿದ್ದು. ಇದರಿಂದ ಉಗ್ರಾದಿತ್ಯನ ಪಕ್ಷವು ಸಿದ್ಧವಾಯಿತೆಂದು ಹೇಳುವುದು ಸಾಧುವಲ್ಲ. ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಹೆಪಾರಿನ್ನಿಗೇ ಅಗ್ರಸ್ಥಾನ. ದ್ರವ್ಯದ ಹುಟ್ಟಾಗಲಿ ಹೆಸರಾಗಲಿ ಇಲ್ಲಿ ಪ್ರಮಾಣವಲ್ಲ. ಹೆಪ್ಪನ್ನು ತಡೆದರಷ್ಟೇ ಸಾಲದು, ಕಣದ ಜೀವವನ್ನೂ ಉಳಿಸಬೇಕೆಂಬ ಪ್ರಯೋಜನವೇ ಪ್ರಮಾಣ.