ಹಿತ್ತಲ ಕಡೆ ಒಂದು ಕೋಣೆ

ಯಂಗಳ ಮನೆಗೆ ಒಂದು ಕೋಣೆ ಸೇರಿಸದು ಹೇಳಿ ಹೋದ ದೀಪಾವಳಿಗೆ ಮಕ್ಕ ಎಲ್ಲ ಬಂದಾಗ ತೀರ್ಮಾನ ಆತು. ಅತ್ತೆಗೆ ಮಂಡಿನೋವು. ರಾತ್ರಿ ಎದ್ರೆ ನಡುಮನೆ, ಅಡುಗೆಮನೆ ದಾಟಿ, ಹಿಂದಿನ ಬಾಗಿಲು ತೆಗೆದು, ಮೆಟ್ಟಿಲಿಳಿದು ಬಚ್ಚಲಿಗೆ ಹೋಗವು. ಹೊಸನಗರ ಬದಿಯ ಮಳೆಗಾಲದಲ್ಲಿ ಹಿತ್ತಲು ಹ್ಯಾಂಗೆ ಹಾವಸೆ ಕಟ್ಟಿ ಜಾರ್ತು ಹೇಳಿ ನಿಂಗಕ್ಕೆ ಆನು ಹೇಳವು ಹೇಳಿಲ್ಲೆ.

ಜಾಗ ಹುಡುಕಲೆ ಕಷ್ಟವೇ ಇತ್ತಿಲ್ಲೆ. ಅಡುಗೆಮನೆಗೆ ಅಂಟಿಕೊಂಡು ಹಿತ್ತಲ ಕಡೆ ಒಂದು ಸಣ್ಣ ಕೋಣೆ ಇದ್ದು. ಈಗ ಅಲ್ಲಿ ಗೋಣಿಚೀಲ, ಹಳೇ ಮೆಟ್ಟುಗತ್ತಿ, ಕೊಳೆಮದ್ದು ಹೊಡೆಯ ಪಂಪು ಎಲ್ಲ ತುಂಬಿದ್ದ. ಗೋಡೆ ಗಟ್ಟಿ ಇದ್ದು, ಪಾಯ ಇದ್ದು, ಬಚ್ಚಲ ನೀರು ಹೋಪ ದಾರಿ ಹತ್ರ. ಒಂದು ಗೋಡೆ ಹಿಂದೆ ಸರಿಸಿದ್ರೆ ಆತು, ಖರ್ಚು ಅರ್ಧಕ್ಕರ್ಧ ಉಳಿತು ಹೇಳಿ ಮೇಸ್ತ್ರಿ ಟೇಪು ಸುತ್ತುತ್ತಾ ಲೆಕ್ಕ ಕೊಟ್ಟ. ಅತ್ತೆ ಕವಳ ಹಾಕ್ತಾ ಕೂತಿತ್ತು. “ಅಲ್ಲಿ ಆನು ಮನಿಕ್ಯಳ್ತಿಲ್ಲೆ” ಹೇಳ್ಚು. ಮತ್ತೆಂತದೂ ಹೇಳಿದ್ದಿಲ್ಲೆ.

ಇವಕ್ಕೆ ಅರ್ಥ ಆಗಿದ್ದಿಲ್ಲೆ, ಮೇಸ್ತ್ರಿಗೂ ಆಗಿದ್ದಿಲ್ಲೆ. ಯಂಗೆ ಅಲ್ಪಸ್ವಲ್ಪ ಆತು. ಆದ್ರೆ ಎಲ್ಲರ ಎದುರು ಕೇಳ ವಿಷಯ ಅಲ್ಲ ಹೇಳಿ ಸುಮ್ಮಂಗಾದಿ.

ಅಷ್ಟರಲ್ಲಿ ಮಾಡಿನ ಪಕಾಸಿಗೆ ಒರಲೆ ಹಿಡದ್ದು ಕಂಡು, ಮೊದಲು ಹಳೇ ಮಾಡು ರಿಪೇರಿ ಹೇಳಿ ಆತು. ಹೆಂಚು ಇಳಿಸಕಾರೆ ಒಂದರ ಅಡಿಲಿ ಬಾಸೆಲ್ ಮಿಷನ್ ಹೆಸರು, ಅದರ ಸಂತಿಗೆ 1865 ಹೇಳಿ ಇಂಗ್ಲಿಷಲ್ಲಿ ಒತ್ತಿದ್ದು ಸಿಕ್ತು. ಮಾಣಿ ಫೋಟೋ ತೆಗೆದು ಮನೆ ವಾಟ್ಸಾಪಿಗೆ ಹಾಕಿದ, “ನಮ್ಮನೆಗೆ ನೂರರವತ್ತು ವರ್ಷ” ಹೇಳಿ. ಬೆಂಗಳೂರಿನವು, ಅಮೆರಿಕದವು ಎಲ್ಲ ಕೈಮುಗಿದ ಚಿತ್ರ ಕಳಿಸಿದ. ರಾಶಿ ಖುಷಿ. ಆದ್ರೆ ಲೆಕ್ಕ ತಪ್ಪು. ಅದು ಹೆಂಚು ಸುಟ್ಟ ವರ್ಷ ಅಲ್ಲ, ಕಾರ್ಖಾನೆ ಶುರುವಾದ ವರ್ಷ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಹೇಳವು ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಹೆಂಚಿನ ಕಾರ್ಖಾನೆ ತೆಗೆದದ್ದು 1865ರಲ್ಲಿ. ಮೂರು ವರ್ಷ ಬಿಟ್ಟು, 1868ರಲ್ಲಿ, ಆಲ್ಬುಕರ್ಕ್ ಅವರ ಕಾರ್ಖಾನೆ ಬಂತು. ಹೊಳೆದಂಡೆಯ ಜೇಡಿಮಣ್ಣು, ಒಂದಕ್ಕೊಂದು ಕಚ್ಚಿ ಕೂರ ಹಂಗಿದ್ದ ಅಚ್ಚು. ಹುಟ್ಟಿದ ವರ್ಷವನ್ನ ಹೆಂಚಿನ ಮೇಲೆ ಮುದ್ರೆ ಹಾಕ ಪದ್ಧತಿ ಇತ್ತು. ಹಾಂಗಾಗಿ ಆ ಮುದ್ರೆ ನೋಡಿ ಮನೆಗೆ ವಯಸ್ಸು ಹೇಳಲೆ ಬತ್ತಿಲ್ಲೆ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸರ್ಕಾರ ಮಿಷನ್ನಿನ ಕಾರ್ಖಾನೆಗಳನ್ನ ವಶ ಮಾಡ್ಕಂಡು, ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದ. ಯಂಗಳ ಹೆಂಚು ಅದಕ್ಕಿಂತ ಮುಂಚಿಂದಾಗಿಕ್ಕು. ಅಷ್ಟು ಹೇಳಿದ್ರೆ ಸಾಕು. ವಾಟ್ಸಾಪಲ್ಲಿ ಇದನ್ನ ಬರೆದದ್ದಕ್ಕೆ ಯಾರೂ ಕೈಮುಗಿದ ಚಿತ್ರ ಕಳಿಸಿದ್ದಿಲ್ಲೆ.

ಹೆಂಚು ಘಟ್ಟದ ಕೆಳಗಿಂದ ಗಾಡಿಲಿ ಬರವಾಗಿತ್ತು. ಲೆಕ್ಕ ಹಾಕಿ ನೋಡಿ: ನೂರು ಚದರಡಿ ಮಾಡಿಗೆ ಹತ್ತಿರ ಹತ್ತಿರ ನೂರೈವತ್ತು ಹೆಂಚು ಬೇಕು, ಒಂದೊಂದೂ ಎರಡೂವರೆ ಕೆ.ಜಿ. ಸುಮಾರು. ಎರಡು ಸಾವಿರ ಚದರಡಿ ಮಾಡು ಹೇಳಿರೆ ಮೂರು ಸಾವಿರ ಹೆಂಚು, ಏಳು ಟನ್ನಿಗೂ ಮೇಲೆ. ಎತ್ತು ಘಟ್ಟ ಹತ್ತವು. ಹಾಂಗಾಗಿ ಒಂದೇ ಸಲಕ್ಕೆ ಇಡೀ ಮನೆಗೆ ಹೆಂಚು ಹೊದೆಸಿದವು ಕಮ್ಮಿ. ಯಂಗಳ ಮನೆಲಿ ಮೊದಲು ಜಗುಲಿಗೆ, ನಡುಮನೆಗೆ ಹೆಂಚು ಬಂತಡ. ಅಡುಗೆಮನೆಗೆ ಅತ್ತೆ ಮದುವೆಯಾಗಿ ಬಂದ ಮೇಲೂ ಸುಮಾರು ವರ್ಷ ಅಡಕೆ ಸೋಗೆಯೇ ಇತ್ತಡ. ಇದನ್ನ ಕೇಳಿದಾಗ ಯಂಗೆ ನಗು ಬಂತು. ಬೆಂಕಿ ಉರಿತಾ ಇಪ್ಪದು ಅಡುಗೆಮನೆಲಿ, ಬೆಂಕಿ ಹಿಡಿಯದ ಹೆಂಚು ಹೋದ್ದು ಜಗುಲಿಗೆ!

ಸೋಗೆಗೆ ಒಲೆ ಹೊಗೆ ಒಳ್ಳೇದು ಹೇಳದು ನಿಜ. ಹೊಗೆ ಕುಡಿದ ಸೋಗೆ ಬೇಗ ಕೊಳಿತಿಲ್ಲೆ, ಹೊಗೆ ಹಿಡಿದು ಕಪ್ಪಾದ ತೊಲೆಗೆ ಹುಳ, ಒರಲೆ ಅಷ್ಟು ಸುಲಭಕ್ಕೆ ಬತ್ತಿಲ್ಲೆ. ಗ್ಯಾಸು ಬಂದು ಒಲೆ ನಿಂತ ಮೇಲೇ ಯಂಗಳ ಪಕಾಸಿಗೆ ಒರಲೆ ಹತ್ತಿದ್ದು. ಬಡಗಿಯೂ ಅದನ್ನೇ ಹೇಳಿದ, “ಮೊದ್ಲೆಲ್ಲ ಹೊಗೆ ಇತ್ತಲ್ರಮ್ಮ” ಹೇಳಿ. ಇತ್ತು ಮಾರಾಯ, ಆ ಹೊಗೆ ಮಾಡಿಗೆ ಹೋಪಷ್ಟರಲ್ಲಿ ಯಾರ ಎದೆಯೊಳಗೆ ಹೋಗಿ ಹೋಗ್ತಿತ್ತು ಹೇಳದನ್ನೂ ಸೇರಿಸಿ ಹೇಳು ಹೇಳಿದಿ.

ಹಳೇ ಮನೆಗೆ ಹಿಂದೆ ಏನಾದ್ರೂ ಸೇರಿಸದು ಹೇಳಿರೆ ಮಾಡು ಇಳಿಸದು. ಇಪ್ಪ ಮಾಡಿನ ಪಕಾಸಿಗೆ ಮತ್ತೊಂದು ಪಕಾಸಿ ಜೋಡಿಸಿ, ಅದೇ ಇಳಿಜಾರಲ್ಲಿ ಕೆಳಗೆ ತರದು. ನಮ್ಮ ಮಳೆಗೆ ಇಳಿಜಾರು ಕಮ್ಮಿ ಮಾಡಲೆ ಬತ್ತಿಲ್ಲೆ. ಆಗುಂಬೆಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ, ಹುಲಿಕಲ್ಲಲ್ಲೂ ಕಮ್ಮಿ ಏನಲ್ಲ. ಹಾಂಗಾಗಿ ಎಂಟಡಿ ಹಿಂದೆ ಹೋದ್ರೆ ಮಾಡು ನಾಕಡಿಗಿಂತ ಜಾಸ್ತಿ ಕೆಳಗೆ ಬತ್ತು. ಜಗುಲಿಲಿ ಕೈ ಎತ್ತಿದ್ರೂ ತೊಲೆ ಸಿಕ್ತಿಲ್ಲೆ, ಅಡುಗೆಮನೆಲಿ ಸಿಕ್ತು, ಹಿಂದಿನ ಬಾಗಿಲಲ್ಲಿ ತಲೆ ಬಗ್ಗಿಸವು. ಒಂದೊಂದು ತಲೆಮಾರು ಒಂದೊಂದು ಕೋಣೆ ಸೇರಿಸ್ತಾ ಹೋದಂಗೂ ಹೆಂಗಸ್ರು ಕೆಲಸ ಮಾಡ ಜಾಗ ತಗ್ಗಾಗ್ತಾ ಹೋತು. ಇದನ್ನ ಯಾರೂ ಬೇಕೂಂತ ಮಾಡಿದ್ದಲ್ಲ, ಮಾಡಿನ ಲೆಕ್ಕ ಹಾಂಗೆ. ಆದ್ರೆ ಮುಂದಿನ ಕಡೆಗೆ ಮಾಡು ಇಳಿಸಿದ ಮನೆ ಎಷ್ಟು ನೋಡಿದ್ದಿ ನಿಂಗ?

ತೀರ್ಥಹಳ್ಳಿಗೆ ಕೊಟ್ಟ ಯನ್ನ ತಂಗಿ ಮನೆಗೆ ಹೋದಾಗ ಒಂದ್ಸಲ ಕವಲೇದುರ್ಗ ಹತ್ತಿದ್ಯ. ಇಕ್ಕೇರಿಲಿ, ಆಮೇಲೆ ಬಿದನೂರಲ್ಲಿ, ಅಂದ್ರೆ ನಮ್ಮ ನಗರದಲ್ಲಿ, ಆಳಿದ ಕೆಳದಿ ನಾಯಕರ ಕೋಟೆ ಅದು. ಅರಮನೆಯ ಮರದ ಕೆಲಸ ಎಲ್ಲ ಹೋಗಿ, ಮಾಡಿಲ್ಲೆ, ಜಗುಲಿ ಹೇಳಿ ಗುರುತಿಸಲೆ ಕಲ್ಲಿನ ಪಾಯ ಮಾತ್ರ ಇದ್ದು. ಚೊಕ್ಕ ಉಳಿದದ್ದು ಅಡುಗೆಮನೆಯ ಐದು ಬಾಯಿಯ ಕಲ್ಲಿನ ಒಲೆ, ಮತ್ತೆ ಬಚ್ಚಲ ಕಲ್ಲು, ನೀರು ಹೋಪ ಕಾಲುವೆ. ತಂಗಿ ಒಲೆ ಹತ್ರ ಕೂತು, ಇಲ್ಲಿ ಅನ್ನಕ್ಕೆ ಇಡ್ತಿದ್ದ, ಇಲ್ಲಿ ಹುಳಿಗೆ ಹೇಳಿ ಲೆಕ್ಕ ಹಾಕ್ತಾ ಇತ್ತು. ಗಂಡಸ್ರು ಬುರುಜಿನ ಮೇಲೆ ಹೋಗಿ ವಾರಾಹಿ ಹಿನ್ನೀರು ಕಾಣ್ತು ಹೇಳಿ ಕೂಗ್ತಾ ಇದ್ದಿದ್ದ. 1763ರಲ್ಲಿ ಹೈದರಾಲಿ ಬಿದನೂರು ಹಿಡಿದದ್ದು ಪಾಠದಲ್ಲಿ ಓದಿದ್ಯ. ಆ ಒಲೆ ಯಾರು ಕಡೆಗೆ ಆರಿಸಿದ್ದು ಹೇಳಿ ಯಾವ ಪಾಠದಲ್ಲೂ ಇತ್ತಿಲ್ಲೆ.

ಅಡುಗೆಮನೆಗೆ ಹೆಂಚು ಬಂದ ವರ್ಷ ಅತ್ತೆಗೆ ನೆಂಪಿದ್ದು, ಎಂತಕ್ಕೆ ಹೇಳಿರೆ ಅದೇ ವರ್ಷ ಮುಳುಗಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನೀರು ಸಾಗರ, ಹೊಸನಗರ ತಾಲೂಕಿನ ಊರೂರಿನ ಮೇಲೆ ಬಂತು. ಅದಕ್ಕೂ ಮುಂಚೆ ಜೋಗದ ಕರೆಂಟಿಗೆ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟೇ ಆ ನೀರಲ್ಲಿ ಮುಳುಗಿ ಹೋತು, ಬೇಸಿಗೆಲಿ ನೀರು ತೀರಾ ಇಳಿದ್ರೆ ಈಗಲೂ ಎದ್ದು ಕಾಣ್ತು. ಮನೆ ಬಿಟ್ಟವು ತೊಲೆ, ಕಂಬ, ಬಾಗಿಲು, ಹೆಂಚು ಬಿಚ್ಚಿ ಗಾಡಿಗೆ, ಲಾರಿಗೆ ಹಾಕ್ಯಂಡು ಹೋದ. ಒಯ್ಯಲೆ ಆಗದ್ದನ್ನ ಸಿಕ್ಕಿದ ರೇಟಿಗೆ ಕೊಟ್ಟ. ಯಂಗಳ ಅಡುಗೆಮನೆಯ ಹಲಸಿನ ಬಾಗಿಲು ಹಾಂಗೆ ಬಂದದ್ದು. ಮಾವ ಅದನ್ನ ತಂದ ದಿನ ಕೊಟ್ಟವರ ಮನೆ ಹೆಂಗಸು ಗಾಡಿ ಹಿಂದೆ ಸ್ವಲ್ಪ ದೂರ ನಡೆದು ಬಂದಿತ್ತಡ. ಮಾವ ಒಂದೇ ಒಂದ್ಸಲ ಇದನ್ನ ಹೇಳಿದ್ದು. ಅತ್ತೆ ಮಾತ್ರ ವರ್ಷಾ ಭೂಮಿಹುಣ್ಣಿಮೆ ದಿನ ಆ ಬಾಗಿಲಿಗೆ ಕೆಮ್ಮಣ್ಣು ಬಳಿದು ರಂಗೋಲಿ ಬರಿತು. ಮುಳುಗಡೆಯವಕ್ಕೆ ಕೊಟ್ಟ ಜಾಗದ ಹಕ್ಕುಪತ್ರಕ್ಕೆ ಅವರ ಮೊಮ್ಮಕ್ಕ ಈಗಲೂ ಓಡಾಡ್ತಾ ಇದ್ದ.

ಇಷ್ಟೆಲ್ಲ ಕೇಳ್ತಾ ಕೇಳ್ತಾ ಒಂದು ಮಧ್ಯಾಹ್ನ ಅತ್ತೆ ಸಂತಿಗೆ ಹಿತ್ತಲ ಮೆಟ್ಟಿಲ ಮೇಲೆ ಕೂತು ಬೀನ್ಸು ಹೆಚ್ಚಕಾರೆ, ಆ ಕೋಣೆ ವಿಷಯ ತೆಗೆದಿ.

“ಅದು ಹೊರಗೆ ಕೂರ ಕೋಣೆ. ನಿಂಗೆ ಗೊತ್ತಿದ್ದಲೆ ತಂಗಿ. ಯನ್ನ ಅತ್ತೆ ಕಾಲದಲ್ಲಿ ಕಟ್ಟಿದ್ದು.”

ಮಾಡು ಅಲ್ಲಿ ಎಲ್ಲಕ್ಕಿಂತ ಕೆಳಗೆ, ಗಾಳಿಗೆ ಇಪ್ಪದು ಒಂದು ತೂತು. ಆಷಾಢದ ಮಳೆಲಿ ಮೂರು ದಿನ ಕಂಬಳಿ ಮೇಲೆ. ದೊಡ್ಡ ಕೂಸಿಗೆ ಆವಾಗ ಎರಡು ವರ್ಷ ಆಗಿತ್ತಡ. ಬಟ್ಟೆ ಬಿಚ್ಚಿ ಕಳಿಸಿದ್ರೆ ಮಕ್ಕ ತಾಯಿಯನ್ನ ಮುಟ್ಟಲಾಗ್ತಿತ್ತು. “ಆ ಚಳಿಲಿ ಬಟ್ಟೆ ಬಿಚ್ಚಿ ಕಳಿಸ್ತಿದ್ದ. ಯನ್ನ ಸೀರೆ ಒಳಗೆ ಸುತ್ತಿ ಮನಿಸ್ಕ್ಯಳ್ತಿದ್ದಿ. ಅದು ಗೊತ್ತಾದ್ರೆ ಬೈಗಳ.” ಸ್ವಲ್ಪ ಹೊತ್ತು ಬಿಟ್ಟು, “ಅಲ್ಲೇ ಯಂಗೆ ಕಡೆಗಾಲವೂ ಹೇಳಿರೆ ಬೇಡ” ಹೇಳ್ಚು.

ಯಂಗೆ ಆ ಕೋಣೆಲಿ ಕೂರ ಪ್ರಸಂಗ ಬಂದದ್ದಿಲ್ಲೆ. ಆನು ಬಂದ ವರ್ಷವೇ ಅತ್ತೆ ಅದಕ್ಕೆ ಗೋಣಿಚೀಲ ತುಂಬಿಸಿತ್ತು. ಜಾಗ ಸಾಲ್ತಿಲ್ಲೆ ಹೇಳಿ ಮಾವಂಗೆ ಹೇಳಿತ್ತಡ. ಅಷ್ಟು ವರ್ಷ ಆನು ಅದನ್ನ ಜಾಗದ ವಿಷಯ ಹೇಳಿಯೇ ತಿಳ್ಕಂಡಿದ್ದಿ.

“ಮತ್ತೆ ಎಲ್ಲಿ ಕಟ್ಟನ ಅತ್ತೆ?”

“ಜಗುಲಿ ತೆಂಕು ಮೂಲೆಲಿ.”

ಅದು ಮಾವ ಅಡಕೆ ಲೆಕ್ಕ ಬರೆಯ ಜಾಗ, ಬಂದವು ಕೂರ ಜಾಗ. ಸುದ್ದಿ ಕೇಳಿ ಮನೆಲಿ ಒಂದು ವಾರ ಗಲಾಟೆ. ಜಗುಲಿ ಅಂದ ಹಾಳಾಗ್ತು ಹೇಳಿ ಭಾವ, ಎದುರು ಬಚ್ಚಲು ಬಪ್ಪಲಾಗ ಹೇಳಿ ವಾಸ್ತು ನೋಡವು. ಅವು ಹಿತ್ತಲ ಕೋಣೆ ನೋಡಿ ಎಂತದೂ ದೋಷ ಇಲ್ಲೆ ಹೇಳಿದ್ದಿದ್ದ! ಇವು ಎರಡು ದಿನ ಸುಮ್ಮಂಗಿದ್ದು, ಮೂರನೇ ದಿನ ಮೇಸ್ತ್ರಿಗೆ ಫೋನು ಮಾಡಿ ಜಗುಲಿ ಅಳತೆ ತೆಗೆಯಲೆ ಹೇಳಿದ. ಆನು ಇವಕ್ಕೆ ಎಷ್ಟು ಹೇಳಿದಿ ಹೇಳದನ್ನ ಇಲ್ಲಿ ಬರಿತಿಲ್ಲೆ.

ಮೇಸ್ತ್ರಿಗೆ ಸ್ಲ್ಯಾಬು ಹಾಕ ಆಸೆ. ಸ್ಲ್ಯಾಬಿಗೂ ಹೆಂಚಿಗೂ ಕೂಡ ಜಾಗ ನಮ್ಮ ಮಳೆಲಿ ಸೋರದೇ ಇದ್ದದ್ದು ಆನು ನೋಡಿದ್ದಿಲ್ಲೆ. ಹೆಂಚೇ ಆತು. ಹಿತ್ತಲ ಕೋಣೆ ಕೆಡವಿ ಅದರ ಹೆಂಚನ್ನ ಇದಕ್ಕೇ ಹೊದೆಸಿದ್ಯ, 1865ರದ್ದೂ ಒಂದು ಅದರಲ್ಲಿ ಸೇರಿದ್ದು. ಮೂರು ಕಿಟಕಿ ಇಡವು ಹೇಳಿ ಅತ್ತೆ ಹಟ. ಎರಡು ಇಟ್ಟ್ಯ. ಅದು ಕಲ್ಲಿನ ಗೋಡೆಗೆ ಮೇಸ್ತ್ರಿ ಹೇಳಿದ ಮಿತಿ.

ಮೃಗಶಿರಾ ಮಳೆ ಹಿಡಿದ ಮೊದಲ ರಾತ್ರಿ ಹನ್ನೊಂದು ಗಂಟೆಗೆ ಅತ್ತೆ ಕೂಗಿತು. ಎಂತ ಆತು ಹೇಳಿ ಓಡಿದ್ಯ. ಎರಡು ಮಾಡು ಕೂಡ ಮೂಲೆಲಿ, ತಗಡಿನ ದೋಣಿ ಅಡಿಗೆ, ಹನಿ ಬೀಳ್ತಾ ಇತ್ತು. “ಒಂದು ಪಾತ್ರೆ ಇಡು, ಬೆಳಿಗ್ಗೆ ನೋಡನ” ಹೇಳಿ ಮಗ್ಗುಲಾತು. ಬೆಳಿಗ್ಗೆ ಆನು ಕಾಫಿ ಒಯ್ಯಷ್ಟರಲ್ಲಿ ಅತ್ತೆ ಕಿಟಕಿ ತೆಗೆದು ಕೂತು, ಗದ್ದೆ ಏರಿ ಮೇಲೆ ಕೊಡೆ ಹಿಡ್ಕಂಡು ಬಪ್ಪದು ಯಾರು ಹೇಳಿ ಯಂಗೆ ಮೊದಲೇ ಗುರುತು ಹಿಡಿದಾಗಿತ್ತು.