ಸಂಧಾನ: ಹಗೆಯೊಡನೆ ಆಡುವ ಮಾತಿನ ಅರ್ಥಚರಿತ್ರೆ

ಕಾಸರಗೋಡಿನಿಂದ ಚೆರ್ಕಳದತ್ತ ಸಾಗುವ ಹೆದ್ದಾರಿಯ ಬದಿಯ ನಾಯ್ಮಾರ್ಮೂಲೆ ಮಲಯಾಳದಲ್ಲಿ ನಾಯನ್ಮಾರ್‌ಮೂಲ. ಊರಿನ ಹೆಸರೇ ಎರಡು ರೂಪಗಳಲ್ಲಿ ಬಳಕೆಯಾಗುವ ಈ ನೆಲದಲ್ಲಿ ಹಗೆಯೊಡನೆ ನಡೆಸುವ ಮಾತುಕತೆಗೂ ಹಲವು ಪದಗಳಿವೆ: ಸಂಧಾನ, ಸಂಧಿ, ರಾಜಿ, ಮಲಯಾಳದ ಒತ್ತುತೀರ್ಪು. ಇವು ಸಮಾನಾರ್ಥಕಗಳಂತೆ ಕಂಡರೂ ಒಂದೊಂದರ ಚರಿತ್ರೆಯೂ ಬೇರೆ.

'ಸಂಧಾನ'ದ ಮೂಲಾರ್ಥ ಜೋಡಿಸುವುದು. ಮುರಿದ ಎಲುಬನ್ನು ಕೂಡಿಸುವುದು ಅಸ್ಥಿಸಂಧಾನ; ಬಿಲ್ಲಿಗೆ ಬಾಣ ಹೂಡುವುದು ಶರಸಂಧಾನ. ಗಾಯದ ಮಾಯುವಿಕೆಯನ್ನೂ ಯುದ್ಧದ ಸಿದ್ಧತೆಯನ್ನೂ ಒಂದೇ ಪದ ಸೂಚಿಸುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರವು ರಾಜನೀತಿಯ ಷಡ್ಗುಣಗಳಲ್ಲಿ ಸಂಧಿಯನ್ನು ಮೊದಲು ಹೆಸರಿಸುತ್ತದೆಯಾದರೂ ಅಲ್ಲಿ ಅದು ಸ್ನೇಹವಲ್ಲ, ಷರತ್ತುಗಳಿಂದ ಕಟ್ಟಿದ ಒಪ್ಪಂದ. ಅದರ ಭದ್ರತೆಗಾಗಿ ಮಕ್ಕಳನ್ನು ಒತ್ತೆಯಿಡುವ ವಿಚಾರವೂ ಅಲ್ಲಿ ಚರ್ಚಿತವಾಗಿದೆ.

ಕಲ್ಯಾಣದ ಚಾಲುಕ್ಯರ ಆಡಳಿತದಲ್ಲಿ ಈ ಹೊಣೆ ಹೊತ್ತ ಅಧಿಕಾರಿ ಸಂಧಿವಿಗ್ರಹಿ. ಸಂಧಿ, ವಿಗ್ರಹ ಎರಡೂ ಒಬ್ಬನ ಪದವಿಯಲ್ಲಿಯೇ ಅಡಕವಾಗಿದ್ದವು. ಕನ್ನಡ ಪಂಚತಂತ್ರವನ್ನು ರಚಿಸಿದ ದುರ್ಗಸಿಂಹ ಇಮ್ಮಡಿ ಜಯಸಿಂಹನ ಸಂಧಿವಿಗ್ರಹಿಯಾಗಿದ್ದನು. ಶಾಸನಗಳಲ್ಲಿ ಕನ್ನಡ ಸಂಧಿವಿಗ್ರಹಿ, ಲಾಳ ಸಂಧಿವಿಗ್ರಹಿ ಎಂಬ ಬಿರುದುಗಳೂ ದೊರೆಯುತ್ತವೆ.

ಕಾಸರಗೋಡಿನ ಜನಮನದಲ್ಲಿ ಈ ಪದವನ್ನು ನೆಲೆಗೊಳಿಸಿದ್ದು ಯಕ್ಷಗಾನ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಪ್ರಸಿದ್ಧವಾದ ರಾಮಾಯಣ ಪ್ರಸಂಗಗಳಲ್ಲಿ 'ಅಂಗದ ಸಂಧಾನ'ವೂ ಒಂದು. ತಾಳಮದ್ದಳೆಯ ಕೂಟಗಳಲ್ಲಿ 'ಕೃಷ್ಣ ಸಂಧಾನ'ಕ್ಕೆ ವಿಶೇಷ ಮನ್ನಣೆ. ಎರಡರಲ್ಲಿಯೂ ಸಂಧಿ ಏರ್ಪಡುವುದಿಲ್ಲ, ಯುದ್ಧ ನಡೆದೇ ತೀರುತ್ತದೆ. ಆದರೂ ಅವುಗಳ ಹೆಸರು ಸಂಧಾನವೇ. ಪದವು ಫಲವನ್ನಲ್ಲ, ಹಗೆಯ ಸಭೆಗೆ ಹೋಗಿ ನಿಂತು ಆಡಿದ ಮಾತನ್ನು ಹೆಸರಿಸುತ್ತದೆ.

ಚರಿತ್ರೆಯೂ ಇದನ್ನು ಪುಷ್ಟೀಕರಿಸುತ್ತದೆ. 1784ರ ಮಾರ್ಚ್ 11ರ ಮಂಗಳೂರು ಒಪ್ಪಂದಕ್ಕಾಗಿ ಈಸ್ಟ್ ಇಂಡಿಯಾ ಕಂಪೆನಿಯ ಪ್ರತಿನಿಧಿಗಳು ಮದರಾಸಿನಿಂದ ಟಿಪ್ಪುವಿನ ಬಿಡಾರಕ್ಕೆ ಬಂದರು. ಗೆದ್ದ ನೆಲಗಳನ್ನು ಪರಸ್ಪರ ಹಿಂದಿರುಗಿಸಲು ಒಪ್ಪಲಾಯಿತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿಯಾದರೋ ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು. ಎರಡನ್ನೂ ಒಪ್ಪಂದವೆಂದೇ ಕರೆದರೂ ಮೊದಲನೆಯದು ಸಮಬಲರ ನಡುವಿನದು, ಎರಡನೆಯದು ಸೋತವನ ಮೇಲೆ ಹೇರಿದುದು.

ಅರಬ್ಬಿ ಮೂಲದ 'ರಾಜಿ'ಯ ಅರ್ಥ ಸಮ್ಮತಿ. ಕಚೇರಿ, ನ್ಯಾಯಾಲಯಗಳ ಮೂಲಕ ಬಳಕೆಗೆ ಬಂದ ಈ ಪದಕ್ಕೆ ಇಂದು ತತ್ತ್ವವನ್ನು ಬಿಟ್ಟುಕೊಟ್ಟನೆಂಬ ಆಕ್ಷೇಪವೂ ಅಂಟಿಕೊಂಡಿದೆ. ಮಲಯಾಳದ 'ಒತ್ತುತೀರ್ಪು' ಕೂಡಿ ತೀರಿಸಿಕೊಳ್ಳುವುದನ್ನು ಹೇಳುತ್ತದೆ. ಕನ್ನಡದ ಕಿವಿಗೆ ಮಾತ್ರ 'ಒತ್ತು' ಒತ್ತಡವಾಗಿಯೂ 'ತೀರ್ಪು' ನ್ಯಾಯಾಧೀಶರ ನಿರ್ಣಯವಾಗಿಯೂ ಕೇಳಿಸುತ್ತದೆ.

1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಈ ಪ್ರದೇಶದ ಕನ್ನಡಿಗರಿಗೆ ಈ ಭೇದ ಕೇವಲ ನಿಘಂಟಿನ ವಿಷಯವಲ್ಲ. ಮಲಯಾಳದ ಕಾಗದಪತ್ರದಲ್ಲಿರುವ 'ಒತ್ತುತೀರ್ಪು' ಕನ್ನಡದಲ್ಲಿ 'ರಾಜಿ'ಯಾದರೆ ಸಹಿ ಹಾಕಿದವನು ಸೋತವನಂತೆ ಕಾಣುತ್ತಾನೆ; 'ಸಂಧಾನ'ವಾದರೆ ಮುಗಿದ ವ್ಯವಹಾರವು ಇನ್ನೂ ನಡೆಯುತ್ತಿರುವಂತೆ ತೋರುತ್ತದೆ. 'ಪರಸ್ಪರ ಒಪ್ಪಿಗೆಯ ಇತ್ಯರ್ಥ' ಎಂಬ ಉದ್ದನೆಯ ಬಳಕೆಯೇ ಅಲ್ಲಿ ಮೂಲಕ್ಕೆ ಹೆಚ್ಚು ಹತ್ತಿರವಾದುದು.