ಗೋರ್ ಅವರನ್ನು ಕಣಕ್ಕೆ ಕರೆದ ವರ್ಷ

ಅಧ್ಯಕ್ಷ ಪದವಿಯನ್ನು ತಾನಾಗಿ ಅರಸಿಕೊಂಡು ಹೋಗುವುದು ಘನತೆಯಲ್ಲ, ಜನರೇ ಬಂದು ಕರೆಯಬೇಕು ಎಂಬ ಭಾವನೆ ಅಮೆರಿಕದಲ್ಲಿ ಬಹುಕಾಲ ಇತ್ತು. ಒಲ್ಲೆ ಎನ್ನುವ ನಾಯಕನನ್ನು ಪತ್ರ ಬರೆದು, ಸಹಿ ಸಂಗ್ರಹಿಸಿ, ಸಭೆ ಸೇರಿಸಿ ಒಪ್ಪಿಸುವ ಪದ್ಧತಿ ಬೆಳೆದದ್ದು ಹಾಗೆ. 1884ರಲ್ಲಿ ಅಂತರ್ಯುದ್ಧದ ಸೇನಾನಿ ಶೆರ್ಮನ್ ಇಂಥ ಕರೆಯನ್ನು ಖಡಾಖಂಡಿತವಾಗಿ ನಿರಾಕರಿಸಿದರು. 1952ರಲ್ಲಿ ಐಸೆನ್‌ಹೋವರ್ ಒಪ್ಪಿಕೊಂಡರು. 2007ರಲ್ಲಿ ಭೂಮಿಯ ಬಿಸಿಯೇರುವಿಕೆಯನ್ನು ಮುಂದಿಟ್ಟುಕೊಂಡು ಮಾಜಿ ಉಪಾಧ್ಯಕ್ಷ ಆಲ್ ಗೋರ್ ಅವರನ್ನು ಕರೆದೆವು. ಆ ಕರೆಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ.

ಐಸೆನ್‌ಹೋವರ್ ಪ್ರಸಂಗವನ್ನು ತುಸು ವಿವರವಾಗಿಯೇ ನೋಡಬೇಕು. ಆಗ ಅವರು ಪ್ಯಾರಿಸ್ಸಿನಲ್ಲಿ ನೇಟೋ ಸೇನೆಯ ಮಹಾದಂಡನಾಯಕರು. ಫೆಬ್ರವರಿ 8ರ ರಾತ್ರಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಬಾಕ್ಸಿಂಗ್ ಪಂದ್ಯ ಮುಗಿದ ಮೇಲೆ, ನಡುರಾತ್ರಿಯಲ್ಲಿ ಸಾವಿರಾರು ಜನ ಸೇರಿ ಅವರ ಹೆಸರು ಕೂಗಿದರು. ಅದನ್ನು ಚಿತ್ರೀಕರಿಸಿದ ಸುರುಳಿಯನ್ನು ಖ್ಯಾತ ವಿಮಾನ ಚಾಲಕಿ ಜಾಕ್ವೆಲಿನ್ ಕಾಕ್ರನ್ ಪ್ಯಾರಿಸ್ಸಿಗೆ ಒಯ್ದು ಜನರಲ್ ದಂಪತಿಗೆ ತೋರಿಸಿದರು. ಅವರ ಮನಸ್ಸು ಕರಗಿತು. ಆದರೆ ಬರೀ ಚಿತ್ರದಿಂದ ಕೆಲಸವಾಗಲಿಲ್ಲ. ಸೆನೆಟರ್ ಲಾಜ್, ನ್ಯೂ ಹ್ಯಾಂಪ್‌ಶೈರ್ ಗವರ್ನರ್ ಆಡಮ್ಸ್ ಮೊದಲಾದವರು ಅಷ್ಟರೊಳಗೆ ಅಲ್ಲಿನ ಪ್ರಾಥಮಿಕ ಚುನಾವಣೆಯ ಮತಪತ್ರಕ್ಕೆ ಅವರ ಹೆಸರು ಸೇರಿಸಿ ಊರೂರು ತಿರುಗುತ್ತಿದ್ದರು. ಮಾರ್ಚ್ 11ರಂದು, ಅಭ್ಯರ್ಥಿ ದೇಶದಲ್ಲೇ ಇಲ್ಲದಿದ್ದರೂ, ಗೆಲುವು ಅವರದಾಯಿತು.

ಗೋರ್ ಅವರದು ಬೇರೆಯೇ ಹಾದಿ. ಹಾರ್ವರ್ಡ್‌ನಲ್ಲಿ ರೋಜರ್ ರೆವೆಲ್ ಎಂಬ ವಿಜ್ಞಾನಿಯ ತರಗತಿಯಲ್ಲಿ ಕೂತು ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ವರ್ಷವರ್ಷವೂ ಏರುತ್ತಿರುವುದನ್ನು ತಿಳಿದವರು. ಸಂಸದರಾದ ಮೇಲೂ ಆ ವಿಷಯವನ್ನು ಕೈಬಿಡಲಿಲ್ಲ. 2000ದ ಚುನಾವಣೆಯಲ್ಲಿ ದೇಶದಾದ್ಯಂತ 5 ಲಕ್ಷಕ್ಕೂ ಹೆಚ್ಚು ಮತ ಮುಂದಿದ್ದರೂ ಫ್ಲಾರಿಡಾದ 537 ಮತಗಳಿಂದ ಅಧಿಕಾರ ತಪ್ಪಿತು. ಆಮೇಲೆ ಸ್ಲೈಡುಗಳನ್ನು ಹಿಡಿದುಕೊಂಡು ಊರೂರು ಸುತ್ತಿದರು. 2006ರಲ್ಲಿ ಅದೇ ಸಾಕ್ಷ್ಯಚಿತ್ರವಾಯಿತು. ಅದರಲ್ಲಿ ನನ್ನ ಕಣ್ಣಿಗೆ ಕಟ್ಟಿದಂತಿರುವುದು ಒಂದು ದೃಶ್ಯ: ಗ್ರಾಫಿನ ಗೆರೆ ಪರದೆಯ ನೆತ್ತಿಗೇರಿದಾಗ, ಅದರ ತುದಿ ತೋರಿಸಲು ಗೋರ್ ಯಂತ್ರದ ಅಟ್ಟಣಿಗೆ ಹತ್ತಿ ಮೇಲೇರುತ್ತಾರೆ.

ಆಗ ನಾನು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೆ, ಹೊಸದಾಗಿ ಪೌರತ್ವ ಪಡೆದವನು. ಬಿಡುವು ಕೊಡದ ಮಳೆಯಲ್ಲಿ ಅಡಿಕೆ ಗೊನೆಗೆ ಬೋರ್ಡೋ ಹೊಡೆಯಲಾಗದೆ ಕೊಳೆರೋಗ ಹೆಚ್ಚಿತೆಂದು ತೀರ್ಥಹಳ್ಳಿಯಿಂದ ಅಪ್ಪ ಫೋನಿನಲ್ಲಿ ಹೇಳುತ್ತಿದ್ದರು. ಆ ಗೆರೆ ನನಗೆ ದೂರದ ವಿಷಯವಾಗಿ ಕಾಣಲಿಲ್ಲ.

2007ರ ಅಕ್ಟೋಬರ್ 10ರಂದು ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಪೂರ್ತಿ ಪುಟದ ಬಹಿರಂಗ ಪತ್ರ ಬಂತು. ನಮ್ಮ 1,36,000 ಸಹಿಗಳ ಬಲದಿಂದ ಗೋರ್ ಅವರನ್ನು ಕಣಕ್ಕಿಳಿಯಿರೆಂದು ಕೇಳುವ ಪತ್ರವದು. ಎರಡು ದಿನಕ್ಕೆ ಅವರಿಗೂ ಹವಾಮಾನ ಬದಲಾವಣೆಯ ಅಂತರ ಸರ್ಕಾರಿ ಸಮಿತಿಗೂ ನೊಬೆಲ್ ಶಾಂತಿ ಪ್ರಶಸ್ತಿ ಘೋಷಣೆಯಾಯಿತು. ಈಗಲಾದರೂ ಒಪ್ಪುತ್ತಾರೆ ಎಂದುಕೊಂಡೆವು. ಅವರು ಒಪ್ಪಲಿಲ್ಲ. ಮೊದಲು ಜನಾಭಿಪ್ರಾಯ ಬದಲಾಗಬೇಕು, ತನ್ನ ಕೆಲಸ ಅಲ್ಲಿದೆ ಎಂಬುದು ಅವರ ನಿಲುವು. ನ್ಯೂ ಹ್ಯಾಂಪ್‌ಶೈರ್‌ನ ನಿಯಮವೂ 1952ರದಲ್ಲ. ಈಗ ಅಭ್ಯರ್ಥಿಯೇ ಸಹಿ ಮಾಡಿ ನಾಮಪತ್ರ ಕೊಡಬೇಕು. ಅದರ ಗಡುವು ದಾಟಿತು.

ಕರೆ ವ್ಯರ್ಥವಾಯಿತೆಂದು ನಾನು ಒಪ್ಪುವುದಿಲ್ಲ. ಆ ವರ್ಷ ಒಬಾಮ, ಹಿಲರಿ ಕ್ಲಿಂಟನ್ ಇಬ್ಬರೂ 2050ರೊಳಗೆ ಹಸಿರುಮನೆ ಅನಿಲಗಳನ್ನು 1990ರ ಮಟ್ಟಕ್ಕಿಂತ ಶೇ. 80ರಷ್ಟು ಇಳಿಸುವ ಮಾತು ಕೊಟ್ಟರು. ಅಧ್ಯಕ್ಷ ಚುನಾವಣೆಯಲ್ಲಿ ಈ ಪ್ರಶ್ನೆಯನ್ನು ಬದಿಗೊತ್ತಲಾಗದಂತೆ ಮಾಡಿದ ಹಲವು ದನಿಗಳಲ್ಲಿ ನಮ್ಮದೂ ಒಂದು.

ಆದರೆ ಗೋರ್ ಹೇಳಿದ್ದರಲ್ಲಿ ಗಟ್ಟಿ ಸತ್ಯವಿತ್ತು. ಕ್ಯೋಟೋ ಒಪ್ಪಂದಕ್ಕೂ ಮುನ್ನವೇ, 1997ರ ಜುಲೈನಲ್ಲಿ, ಅಭಿವೃದ್ಧಿಶೀಲ ದೇಶಗಳಿಗೂ ಹೊಣೆ ಹೊರಿಸದ ಒಪ್ಪಂದ ಬೇಡವೆಂದು ಸೆನೆಟ್ 95–0 ಮತಗಳಿಂದ ನಿರ್ಣಯಿಸಿತ್ತು. ಆಗ ಉಪಾಧ್ಯಕ್ಷರಾಗಿದ್ದ ಗೋರ್ ಅವರಿಂದ ಅದನ್ನು ದಾಟಲಾಗಲಿಲ್ಲ. 2009ರ ಜೂನ್‌ನಲ್ಲಿ ಪ್ರತಿನಿಧಿ ಸಭೆ 219–212ರಿಂದ ಒಪ್ಪಿದ ಹವಾಮಾನ ಮಸೂದೆಯೂ ಸೆನೆಟ್ಟಿನಲ್ಲೇ ಕಮರಿತು. ಅಧ್ಯಕ್ಷರ ಕುರ್ಚಿಯಲ್ಲಿ ಒಳ್ಳೆಯವರನ್ನು ಕೂರಿಸಿದ ಮಾತ್ರಕ್ಕೆ ಕಾನೂನು ಹುಟ್ಟುವುದಿಲ್ಲ.

ಪರಿಸರ ಕಾಳಜಿಯ ನಾಯಕರನ್ನು ಚುನಾವಣೆಗೆ ನಿಲ್ಲಿ ಎಂದು ಕೇಳುವುದು ನಾಗರಿಕರ ಕರ್ತವ್ಯ ಎಂದೇ ಇಂದಿಗೂ ನಂಬಿದ್ದೇನೆ. ಕೇಳುವವರು ಗಡುವಿಗೆ ಬಹಳ ಮೊದಲೇ ಕೇಳಬೇಕು, ಲಾಜ್ ಅವರ ಗುಂಪಿನಂತೆ ಊರೂರು ತಿರುಗಲು ಸಿದ್ಧರಿರಬೇಕು. ಸೆನೆಟ್ಟಿನ ನೂರು ಸ್ಥಾನಗಳಿಗೂ ಅಂಥವರನ್ನೇ ಹುಡುಕಿ ಕರೆಯಬೇಕು. ಮುಂದಿನ ಸಲ ಸಹಿ ಹಾಕುವವರಿಗೆ ನಾನು ಹೇಳುವುದು ಇಷ್ಟೇ: ಸಹಿಯ ಜೊತೆಗೆ ನಿಮ್ಮ ಒಂದು ವರ್ಷದ ಭಾನುವಾರಗಳನ್ನೂ ಕೊಡಿ.